ದೋಣಿಯಡಿಯ ಜಡೆಪಾಚಿ

ಗಡಿಯಾರದ ಚಿತ್ರ ಬರೆಯಿರಿ ಎಂದು ಡಾಕ್ಟರು ಕಾಗದ, ಪೆನ್ಸಿಲ್ ಕೊಟ್ಟರು. ಮೇಸ್ತ್ರಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಕಾಗದವನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಅದರ ಅಂಚು ಸವರಿದ. ಮರದ ದೋಣಿ ಕಟ್ಟುತ್ತಲೇ ತಲೆ ನರೆತವನು. ಕೈಗೆ ಏನು ಬಂದರೂ ಮೊದಲು ಅಂಚು ನೋಡುವುದು ಅವನ ಅಭ್ಯಾಸ. ಆಮೇಲೆ ಪೆನ್ಸಿಲಿಗಾಗಿ ಮೇಜಿನ ಮೇಲೆಲ್ಲ ತಡಕಾಡಿದ.

"ಕಿವಿ ಮೇಲಿದೆ ರೀ," ಎಂದಳು ಹೆಂಡತಿ.

"ಯಾರ ಕಿವಿ?"

ಡಾಕ್ಟರು ನಕ್ಕರು. ಅವಳೂ ನಕ್ಕಳು, ನಕ್ಕರೆ ಡಾಕ್ಟರಿಗೆ ಗಂಡನ ಮೇಲೆ ಪ್ರೀತಿ ಬರಬಹುದು ಎಂದು. ಮೇಸ್ತ್ರಿ ಬರೆದ ವೃತ್ತ ಕೈವಾರ ಹಿಡಿದು ಬರೆದಷ್ಟು ದುಂಡಗಿತ್ತು. ಆದರೆ ಅಂಕಿಗಳ ಜಾಗದಲ್ಲಿ ಸುತ್ತಲೂ ಸಮನಾದ ಅಂತರದಲ್ಲಿ ಚುಕ್ಕಿ ಇಟ್ಟು ಕಾಗದವನ್ನು ವಾಪಸು ತಳ್ಳಿದ.

"ಗುರುತು ಹಾಕಿದೀನಿ. ಇನ್ನು ಮೊಳೆ ಹೊಡಿಯೋದಷ್ಟೇ ಬಾಕಿ."

ಡಾಕ್ಟರು ಕಾಗದವನ್ನು ಮಡಚಿಟ್ಟರು. "ಅಮ್ಮ, ಈ ಹೊಸ ಔಷಧಿಯ ಪರೀಕ್ಷೆಗೆ ಶುರುವಿನ ಹಂತದವರನ್ನ ಮಾತ್ರ ತಗೋತೀವಿ. ಇವರು ಆ ಹಂತ ದಾಟಿದ್ದಾರೆ."

"ಜೋರಾಗಿರೋರಿಗೇ ಅಲ್ವಾ ಸರ್ ಔಷಧಿ ಬೇಕಾಗಿರೋದು? ಸ್ವಲ್ಪ ಮರೆಯೋರು ಹೇಗೋ ಸಂಭಾಳಿಸ್ಕೋತಾರೆ."

"ಹೋಗಿರೋದನ್ನ ಇದು ತಂದುಕೊಡಲ್ಲಮ್ಮ. ಇರೋದನ್ನ ಉಳಿಸುತ್ತಾ ಅಂತ ನೋಡ್ತಿದೀವಿ. ಅದೂ ಇನ್ನೂ ಗಟ್ಟಿಯಾಗಿಲ್ಲ. ಅಂಥದ್ದನ್ನ ಇವರ ಮೈಮೇಲೆ ಹಾಕೋದು ನ್ಯಾಯ ಅಲ್ಲ."

ಅವಳು ಇನ್ನೂ ಕೂತೇ ಇದ್ದಳು. ಎದ್ದರೆ ಮಾತು ಮುಗಿದ ಹಾಗೆ. ಕೊನೆಗೆ ಮೇಸ್ತ್ರಿಯೇ ಎದ್ದು, ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ, "ಇದಕ್ಕೊಂದು ಬೆಣೆ ಬೇಕು," ಎಂದು ಡಾಕ್ಟರಿಗೆ ಹೇಳಿ ಹೊರಗೆ ನಡೆದ.

ಅವಳನ್ನು ಎಲ್ಲರೂ ಕರೆಯುವುದು ಸಿಡುಕಿ ಎಂದು. ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ಕೆಲಸದ ಜಾಗದಲ್ಲಿ "ಏ ಸಿಡುಕಿ, ಊಟ ತಂದ್ಯಾ?" ಎಂದು ಕೂಗಿದ್ದು ನಾಲ್ಕು ಜನರ ಕಿವಿಗೆ ಬಿತ್ತು. ಹೊಗಳಿಕೆ ಮರೆತುಹೋಗುತ್ತದೆ, ಅಡ್ಡಹೆಸರು ಮರೆಯುವುದಿಲ್ಲ. ಅವಳಿಗೂ ಅದರ ಮೇಲೆ ಸಿಟ್ಟಿರಲಿಲ್ಲ. ಅವನು ಆ ಹೆಸರು ಕರೆದು ಎಷ್ಟೋ ಕಾಲವಾಗಿತ್ತು. ಈಗ ಅವನಿಗೆ ಅವಳು ಒಂದು ಹೊತ್ತು ಅಮ್ಮ, ಒಂದು ಹೊತ್ತು ನರ್ಸು, ಇನ್ನೊಂದು ಹೊತ್ತು "ನೀವ್ಯಾರ ಕಡೆಯೋರು?"

ಅವಳ ಕೆಲಸ ಬಂದರಿನ ಪಕ್ಕದ ದೋಣಿ ರಿಪೇರಿ ಅಂಗಳದಲ್ಲಿ. ಮೀನಿನ ದೋಣಿಗಳನ್ನು ನೀರಿನಿಂದ ಹಳಿಯ ಮೇಲೆ ಎಳೆದು ತಂದು, ವಾಲದಂತೆ ಎರಡೂ ಬದಿಗೆ ಆಧಾರವಾಗಿ ಮರದ ಊರೆ ಕೊಟ್ಟು, ಊರೆಯ ಬುಡಕ್ಕೆ ಬೆಣೆ ಬಡಿದು ನಿಲ್ಲಿಸುತ್ತಾರೆ. ದೋಣಿಯ ಹೊಟ್ಟೆಗೆ ಅಂಟಿಕೊಂಡ ಚಿಪ್ಪು, ಲೋಳೆಗಳನ್ನೆಲ್ಲ ಹೆಂಗಸರು ಅಗಲ ಅಲಗಿನ ಉಳಿ ಹಿಡಿದು ಕೆರೆದು ತೆಗೆಯುತ್ತಾರೆ. ಮೇಲೆ ಕೆಂಪು ಬಣ್ಣ ಬಳಿಯುತ್ತಾರೆ. ಆ ಬಣ್ಣದಲ್ಲಿ ತಾಮ್ರದ ವಿಷವಿದೆ. ನೀರಿನಲ್ಲಿ ಯಾವ ಜೀವವೂ ದೋಣಿಗೆ ಅಂಟಬಾರದೆಂದು. ಬಣ್ಣ ಬಳಿದ ದಿನ ಸೋಪು ಹಾಕಿ ಕೈ ತಿಕ್ಕದೆ ಯಾರೂ ತುತ್ತು ಮುಟ್ಟುವುದಿಲ್ಲ.

ಆದರೂ ಒಂದು ಅಂಟುತ್ತಿತ್ತು. ಕಂದು ನೇರಳೆ ಬಣ್ಣದ, ಎಳೆ ಎಳೆಯಾಗಿ ಜೋಲುವ ಗೊಂಚಲು. ಹೆಂಗಸರು ಅದಕ್ಕೆ ಜಡೆಪಾಚಿ ಎನ್ನುತ್ತಿದ್ದರು. ಅದು ಪಾಚಿಯಲ್ಲ, ಪ್ರಾಣಿ, ಅದೂ ಒಂದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಕೊಂಡಿರುವುದು ಎಂದು ಹೇಳಿದವಳು ಸಮುದ್ರಜೀವಿಗಳ ಲ್ಯಾಬಿನ ಮೇಡಂ. ಎಳೆ ವಯಸ್ಸಿನವಳು, ಬಕೆಟ್ಟಿನಲ್ಲಿ ಮಂಜುಗಡ್ಡೆ ತಂದು ಜಡೆಪಾಚಿ ತುಂಬಿಕೊಂಡು ಹೋಗುತ್ತಿದ್ದಳು.

"ಅಂದ್ರೆ ನಮ್ಮ ವಠಾರದ ಥರ," ಎಂದಿದ್ದಳು ಸಿಡುಕಿಯ ಜೊತೆಗಾತಿ ಪಟಾಕಿ. "ಅಲ್ಲೂ ನೀರಿಗೆ ಜಗಳ ಆಗುತ್ತಾ ಮೇಡಂ?"

"ಅಲ್ಲಿ ನೀರಿಗೆ ಕೊರತೆ ಇಲ್ಲಮ್ಮ," ಎಂದು ಮೇಡಂ ನಕ್ಕಿದ್ದಳು. "ಇದರ ಮೈಯಲ್ಲಿ ಒಂದು ಪದಾರ್ಥ ಇದೆ. ಮರಿಗಳನ್ನ ಮೀನು ತಿನ್ನಬಾರದು ಅಂತ ಮಾಡಿಕೊಂಡಿರೋದು. ಅದರಿಂದ ಮರೆವಿನ ಕಾಯಿಲೆಗೆ ಔಷಧಿ ಆಗಬಹುದಾ ಅಂತ ದೊಡ್ಡಾಸ್ಪತ್ರೆಯಲ್ಲಿ ನೋಡ್ತಿದಾರೆ."

ಸಿಡುಕಿಯ ಕೈಯಲ್ಲಿದ್ದ ಉಳಿ ನಿಂತಿತು. ಮದುವೆಯಾದಾಗಿನಿಂದ ಬುಟ್ಟಿಗಟ್ಟಲೆ ಕೆರೆದು ಕಸಕ್ಕೆ ಸುರಿದ ವಸ್ತು. ಆ ಮಾತು ಹಿಡಿದುಕೊಂಡೇ ಅವಳು ಗಂಡನನ್ನು ಡಾಕ್ಟರ ಮುಂದೆ ಕೂರಿಸಿದ್ದು, ಅವನು ಚುಕ್ಕಿ ಇಟ್ಟಿದ್ದು.

ಮೇಸ್ತ್ರಿಯನ್ನು ಅವಳು ಮನೆಯೊಳಗಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಒಮ್ಮೆ ಬೀಗವಿಲ್ಲದ ದಿನ ಅವನು ಸೀದಾ ಅಂಗಳಕ್ಕೆ ಬಂದು, ಹಳಿಯ ಮೇಲೆ ನಿಂತಿದ್ದ ದೋಣಿಯ ಕೆಳಗೆ ನುಸುಳಿ, ಯಾರದೋ ಸುತ್ತಿಗೆ ಎತ್ತಿಕೊಂಡು ಊರೆಯ ಬೆಣೆ ಬಡಿದು ತೆಗೆಯತೊಡಗಿದ್ದ. ದೋಣಿ ನೀರಿಗಿಳಿಸುವ ದಿನ ಮಾಡುವ ಕೆಲಸ ಅದು. ದೋಣಿಯ ಆಚೆ ಮಗ್ಗುಲಲ್ಲಿ ಹೆಂಗಸರು ಕೂತು ಕೆರೆಯುತ್ತಿದ್ದರು. ಪಟಾಕಿ ಕಿರುಚಿದ ಸದ್ದಿಗೆ ಊರೇ ಓಡಿ ಬಂತು. ಅಂಗಳದ ಯಜಮಾನ ಮೇಸ್ತ್ರಿಯ ಕೈಹಿಡಿದು ಗೇಟಿನ ಹೊರಗೆ ಬಿಟ್ಟು, "ನನಗೆ ಕೆಲಸ ಕಲಿಸಿದ ಕೈ ಇದು, ಏನೂ ಅನ್ನೋಕಾಗಲ್ಲ. ಆದ್ರೆ ಇನ್ನೊಂದ್ಸಲ ಒಳಗೆ ಬಿಡಬೇಡಮ್ಮ," ಎಂದ.

ಬೀಗ ಹಾಕಿದ್ದನ್ನು ಕಂಡವಳು ಗಂಡನ ಅಕ್ಕ. ದೂರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಹೆಂಗಸು. ತಮ್ಮನನ್ನು ನೋಡಲು ಹೇಳದೆ ಕೇಳದೆ ಬಂದಳು. ಬಾಗಿಲಿಗೆ ಬೀಗ, ಕಿಟಕಿಯ ಸರಳುಗಳ ಹಿಂದೆ ತಮ್ಮನ ಮುಖ. ಸಿಡುಕಿ ಕೆಲಸದಿಂದ ಬರುವವರೆಗೂ ಆಕೆ ಹೊಸ್ತಿಲ ಮುಂದೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾಯಿಗಾದ್ರೆ ಹಗ್ಗ ಕಟ್ತಾರೆ, ಅಂಗಳವಾದ್ರೂ ಕಾಣುತ್ತೆ," ಎಂದಳು ಅತ್ತಿಗೆ.

"ನಾನು ದುಡೀದೆ ಇದ್ರೆ ಒಲೆ ಹತ್ತಲ್ಲ ಅತ್ತಿಗೆ."

"ನಿನ್ನ ಬೈಯ್ತಿಲ್ಲ ಕಣೇ. ನಿನ್ನ ಕೈಲಾಗ್ತಿಲ್ಲ ಅಂತಿದೀನಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಗೆ ಮುಗೀಲಿ. ಬಂದು ಕರ್ಕೊಂಡು ಹೋಗ್ತೀನಿ. ನನ್ನ ಮನೇಲಿ ಮಗಳಿದ್ದಾಳೆ, ಅಳಿಯ ಇದ್ದಾನೆ, ಅಂಗಡೀಲಿ ಕೂತರೆ ಕಣ್ಣೆದುರಿಗಿರ್ತಾನೆ."

"ಅವರು ನನ್ನ ಗಂಡ."

"ನಿನಗಿಂತ ಮೊದಲು ಅವನನ್ನ ಸೊಂಟದ ಮೇಲೆ ಹೊತ್ತಿದ್ದು ನಾನು."

ಅತ್ತಿಗೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಸಿಡುಕಿಗೆ ಅದೇ ಹೆದರಿಕೆ. ಸುಳ್ಳಾಡುವವರ ಜೊತೆ ಜಗಳವಾಡಬಹುದು, ಸರಿಯಾಗಿ ಮಾತಾಡುವವರ ಜೊತೆ ಏನು ಮಾಡುವುದು? ಅವಳ ತಲೆಯಲ್ಲಿ ಉಳಿದದ್ದು ಒಂದೇ ಲೆಕ್ಕಾಚಾರ. ಅತ್ತಿಗೆ ಬರುವ ದಿನ ಮೇಸ್ತ್ರಿ ಒಂದಿಷ್ಟು ನೆಟ್ಟಗಿರಬೇಕು. ಬಾಗಿಲಿಗೆ ಬೀಗವಿರಬಾರದು. ಅವನೇ ಬಂದು ಬಾಗಿಲು ತೆಗೆದು "ಬಾ ಅಕ್ಕ" ಅನ್ನಬೇಕು. ಅಷ್ಟಾದರೆ ಅವನು ಉಳಿಯುತ್ತಾನೆ. ಇಲ್ಲವಾದರೆ ಹೋಗುತ್ತಾನೆ, ಹೋದವನಿಗೆ ಅವಳೊಬ್ಬಳಿದ್ದಳು ಎಂಬುದೂ ಉಳಿಯುವುದಿಲ್ಲ.

ಡಾಕ್ಟರು ಕೈಬಿಟ್ಟ ಮೇಲೆ ಅವಳು ಲ್ಯಾಬಿನ ಬಾಗಿಲಿಗೆ ಹೋದಳು. ಮೇಡಂ ಕೈಗವಸು ಕಳಚುತ್ತಾ ಹೊರಗೆ ಬಂದಳು.

"ಒಂದು ಚಮಚ ಕೊಡಿ ಸಾಕು. ಯಾರಿಗೂ ಹೇಳಲ್ಲ."

"ಚಮಚವಾ? ಅಮ್ಮ, ನೀವು ವರ್ಷಗಟ್ಟಲೆ ಕೆರೆದದ್ದನ್ನೆಲ್ಲ ತಂದು ಹಾಕಿದ್ರೂ ಉಗುರಿನ ಸಂದಿಯಲ್ಲಿ ನಿಲ್ಲೋಷ್ಟು ಸಿಗೋದು ಕಷ್ಟ. ಒಂಚೂರು ಜಾಸ್ತಿಯಾದ್ರೆ ಕೈಕಾಲು ಎತ್ತೋಕಾಗದಷ್ಟು ನೋವು. ಅಷ್ಟು ಖಾರವಾದ ವಸ್ತು."

"ಅಷ್ಟು ಶಕ್ತಿ ಇದೆಯಾ ಅದಕ್ಕೆ?"

"ಶಕ್ತಿ ಅಲ್ಲಮ್ಮ, ಅಪಾಯ. ದಯವಿಟ್ಟು ಏನೂ ಮಾಡೋಕೆ ಹೋಗಬೇಡಿ."

ದಾರಿಯುದ್ದಕ್ಕೂ ಸಿಡುಕಿಯ ಕಿವಿಯಲ್ಲಿ ಉಳಿದದ್ದು ಶಕ್ತಿ ಎಂಬ ಒಂದು ಮಾತು. ಅದೂ ಅವಳೇ ಆಡಿದ್ದು.

ಇಂಥ ಹೊತ್ತಿನಲ್ಲಿ ದಡ್ಡರು ಮಾಡುವ ತಪ್ಪು ಬೇರೆ, ಜಾಣರು ಮಾಡುವ ತಪ್ಪು ಬೇರೆ. ಸಿಡುಕಿ ಜಾಣೆ. ಬಂದರಿನ ಕಟ್ಟೆಯ ಕಂಬಗಳ ಮೇಲೂ ಜಡೆಪಾಚಿ ಇತ್ತು. ಕೈಗೆ ಸಿಗುವಂಥದ್ದು, ಬಣ್ಣ ಗಿಣ್ಣ ಸೋಕದ್ದು. ಅದನ್ನು ಅವಳು ಮುಟ್ಟಲಿಲ್ಲ. ಕೆರೆಯುವ ಹೆಂಗಸರಿಗೆ ಒಂದು ಮಾತು ಗೊತ್ತು: ಹಳೆಯ, ಸತ್ತ ಬಣ್ಣದ ಮೇಲೆ ಯಾವುದು ಬೇಕಾದರೂ ಬೆಳೆಯುತ್ತದೆ, ಹೊಸ ಬಣ್ಣದ ಮೇಲೆ ಬೆಳೆದದ್ದೇ ಗಟ್ಟಿ ಪಿಂಡ. ಅಂಥದ್ದನ್ನು ಕೆರೆಯಲು ಎರಡು ಕೈ ಬೇಕು. ವಿಷದ ಎದೆಯ ಮೇಲೆ ಕೂತು, ವಿಷವನ್ನೇ ಸೋಲಿಸಿ ಬದುಕಿದ್ದರಲ್ಲೇ ಅಲ್ಲವೇ ಔಷಧದ ಸಾರ ಇರುವುದು? ಕಂಬದ ಮೇಲೆ ಸುಖವಾಗಿ ಬೆಳೆದದ್ದರಲ್ಲಿ ಏನಿದ್ದೀತು?

ಬಣ್ಣ ಬಳಿದು ಹೆಚ್ಚು ಕಾಲವಾಗದ ಒಂದು ದೋಣಿ, ತಳಕ್ಕೆ ಬಂಡೆ ತಾಗಿ ಬಿರುಕು ಬಿಟ್ಟಿದ್ದಕ್ಕೆ ಮತ್ತೆ ಮೇಲೆ ಬಂದಿತ್ತು. ಅದರ ಹಿಂಬದಿಯಲ್ಲಿ, ಕೆಂಪು ಬಣ್ಣದ ನಡುವೆಯೇ, ಗೊಂಚಲು ಗೊಂಚಲು ಜಡೆ. ಅವಳು ಉಳಿ ಹಾಕಲಿಲ್ಲ. ಬಣ್ಣದ ಒಂದು ಚೂರೂ ಬರಬಾರದೆಂದು ಕತ್ತರಿ ತಂದು ಬುಡ ಬಿಟ್ಟು ತುದಿಯಷ್ಟನ್ನೇ ಕತ್ತರಿಸಿದಳು. ಬೇರು ಹಿಡಿದುಕೊಳ್ಳುವುದಕ್ಕೆ ಮಾತ್ರ, ಅದು ಉಣ್ಣುವುದು ನೀರಿನಿಂದ ಎಂದು ಮೇಡಂ ಹೇಳಿದ್ದು ನೆನಪಿತ್ತು. ಏಳು ನೀರಿನಲ್ಲಿ ತೊಳೆದಳು.

ಪಟಾಕಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನೇ ಅದು, ಹೂ ಕೊಯ್ದ ಹಾಗೆ ಕೊಯ್ತಿದೀಯಾ?"

"ಮನೆಗೆ."

"ಮನೆಗಾ? ಮೀನಿನ ಬುಟ್ಟಿಗೇ ಬಾಯಿ ಹಾಕೋ ನಮ್ಮ ಕಳ್ಳ ಬೆಕ್ಕು ಇದನ್ನ ಮೂಸಿಯೂ ನೋಡಲ್ಲ."

"ಬೆಕ್ಕಿಗೆ ಮರೆವಿನ ಕಾಯಿಲೆ ಇಲ್ಲ."

ಪಟಾಕಿಗೆ ಅರ್ಥವಾಯಿತು. ಸೊಂಟದ ಮೇಲಿನ ಕೈ ಇಳಿಸಿದಳು. "ಬೇಡ ಕಣೇ," ಎಂದಳು ಮೆಲ್ಲಗೆ. "ಡಾಕ್ಟರು ಆಗಲ್ಲ ಅಂದ್ರೆ ಆಗಲ್ಲ. ಅತ್ತಿಗೆ ಮನೇಲಿ ಒಂದು ತುತ್ತು ನೆಮ್ಮದಿಯಾಗಿ ತಿಂದ್ಕೊಂಡಿರ್ಲಿ ಬಿಡು."

"ನಿನ್ನ ಗಂಡನನ್ನ ಹಾಗೆ ಕಳಿಸ್ತೀಯಾ?"

"ನನ್ನ ಗಂಡನನ್ನ ಯಾರಾದ್ರೂ ಒಯ್ತೀನಿ ಅಂದ್ರೆ ಬಸ್ಸಿನವರೆಗೂ ನಾನೇ ಹೊತ್ಕೊಂಡು ಹೋಗ್ತೀನಿ," ಎಂದಳು ಪಟಾಕಿ. ಇಬ್ಬರೂ ನಗಲಿಲ್ಲ.

ಅವಳು ಜಡೆಪಾಚಿಯನ್ನು ಅರೆದು, ಕುದಿಸಿ, ಬಟ್ಟೆಯಲ್ಲಿ ಸೋಸಿದಳು. ಮನೆಯೆಲ್ಲ ಇಳಿತದ ಹೊತ್ತಿನ ಬಂದರಿನ ವಾಸನೆ. ಮೊದಲು ತಾನೇ ಒಂದು ಗುಟುಕು ಕುಡಿದು ಮರುದಿನದವರೆಗೆ ಕಾದಳು. ಏನೂ ಆಗಲಿಲ್ಲ. ಆಮೇಲೆ ಗಂಜಿಯಲ್ಲಿ ಒಂದೊಂದೇ ಚಮಚ ಬೆರೆಸಿ ಕೊಡತೊಡಗಿದಳು. ಮೇಸ್ತ್ರಿ ಮುಖ ಕಿವುಚಿದರೂ ತಿಂದ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಒಲೆಯ ಮುಂದಿದ್ದಾಗ ಹಿಂದಿನಿಂದ ದನಿ ಬಂತು.

"ಏ ಸಿಡುಕಿ, ಚಹಾ ಯಾಕೆ ತಣ್ಣಗಿದೆ?"

ಅವಳು ತಿರುಗಲಿಲ್ಲ. ತಿರುಗಿದರೆ ಹೊರಟುಹೋದೀತು ಎಂಬ ಭಯ. "ಬಿಸಿ ಮಾಡಿಕೊಡ್ಲಾ?"

"ಮಾಡು. ಸಕ್ಕರೆನೂ ಹಾಕು, ನಿನ್ನ ಮಾತಿನ ಹಾಗೆ ಮಾಡಬೇಡ." ಅವನು ಬಾಗಿಲ ಬಳಿ ನಿಂತು ಆಕಾಶ ನೋಡುತ್ತಿದ್ದ. "ಆ ಬಿರುಕು ಬಿಟ್ಟ ದೋಣಿಗೆ ಹಲಗೆ ಬದಲಾಯಿಸ್ತಾರೋ, ಬರೀ ತೇಪೆ ಹಾಕ್ತಾರೋ?"

ಬಿರುಕಿನ ವಿಷಯ ಅವಳು ಎಂದೋ ಊಟ ಬಡಿಸುತ್ತಾ ಹೇಳಿದ್ದಳು. ಅದು ಅವನೊಳಗೆ ಉಳಿದಿತ್ತು! ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಚಹಾ ಉಕ್ಕಿ ಒಲೆ ಆರಿತು.

ಮಧ್ಯಾಹ್ನದ ಹೊತ್ತಿಗೆ ಅವನು ಮತ್ತೆ "ನೀವ್ಯಾರ ಕಡೆಯೋರು?" ಎಂದು ಕೇಳಿದ. ಈ ಕಾಯಿಲೆಯಲ್ಲಿ ಇಂಥ ಬೆಳಿಗ್ಗೆಗಳು ಬರುತ್ತವೆ. ಔಷಧಿ ಕೊಟ್ಟರೂ ಬರುತ್ತವೆ, ಕೊಡದಿದ್ದರೂ ಬರುತ್ತವೆ. ಇಂಥವರ ಜೊತೆ ಬದುಕಿದವರಿಗೆಲ್ಲ ಅದು ಗೊತ್ತು, ಸಿಡುಕಿಗೂ ಗೊತ್ತಿತ್ತು. ಆದರೆ ಬಾವಿಗೆ ಬಿದ್ದವಳ ಕೈಗೆ ಹಗ್ಗದ ತುದಿ ಸಿಕ್ಕರೆ, ಇನ್ನೊಂದು ತುದಿಯನ್ನು ಯಾರು ಹಿಡಿದಿದ್ದಾರೆ ಎಂದು ಅವಳು ವಿಚಾರಿಸುತ್ತಾಳೆಯೇ? ಚಮಚ ಎರಡಾಯಿತು. ಆಮೇಲೆ ಅರ್ಧ ಲೋಟ. ಅವನು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದರೆ ಬೆಚ್ಚಗಿನ ಬಟ್ಟೆ ಇಟ್ಟಳು. ಔಷಧಿ ಎಂದ ಮೇಲೆ ಮೈಗೆ ಹತ್ತುವಾಗ ಒಂದಿಷ್ಟು ಕಾಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಅತ್ತಿಗೆ ನಾಳೆ ಬರುತ್ತೇನೆ ಎಂದು ಫೋನು ಮಾಡಿದಳು. ಮರುದಿನ ಬೆಳಿಗ್ಗೆ ಸಿಡುಕಿ ಗಂಡನಿಗೆ ಸ್ನಾನ ಮಾಡಿಸಿ, ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಪಾತ್ರೆಯ ತಳದಲ್ಲಿ ಉಳಿದಿದ್ದ ಗಟ್ಟಿ ರಸವನ್ನೆಲ್ಲ ಒಂದು ದೊಡ್ಡ ಲೋಟಕ್ಕೆ ಬಗ್ಗಿಸಿದಳು.

"ಇದೊಂದ್ಸಲ ರೀ. ಪೂರ್ತಿ ಕುಡೀರಿ. ಇವತ್ತು ಒಂದು ದಿನ ನನ್ನ ಮಾನ ಉಳಿಸಿ."

ಅವನು ಕುಡಿದ. ಕುಡಿಯುತ್ತಾ ಅವಳ ಮುಖವನ್ನೇ ನೋಡುತ್ತಿದ್ದ, ಮಕ್ಕಳು ನೋಡುವ ಹಾಗೆ.

ಅತ್ತಿಗೆ ಬಂದಾಗ ಬಾಗಿಲು ತೆರೆದಿತ್ತು. ಮೇಸ್ತ್ರಿ ಕುರ್ಚಿಯಲ್ಲಿ ಕೂತಿದ್ದ. ಅತ್ತಿಗೆ ಚೀಲದಿಂದ ತಾನೇ ಹೊಲಿದ ಪ್ಯಾಂಟುಗಳನ್ನು ತೆಗೆದಳು. ಗುಂಡಿ, ಜಿಪ್ಪು ಏನೂ ಇಲ್ಲ, ಸೊಂಟಕ್ಕೆ ಎಲಾಸ್ಟಿಕ್.

"ಅದೆಲ್ಲ ಬೇಕಾಗಲ್ಲ ಅತ್ತಿಗೆ," ಎಂದಳು ಸಿಡುಕಿ. "ಅವರೇ ಗುಂಡಿ ಹಾಕ್ಕೊಳ್ತಾರೆ. ಈಗ ಎಷ್ಟೋ ವಾಸಿ. ನೀವೇ ಮಾತಾಡಿಸಿ."

ಅತ್ತಿಗೆ ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನಾನ್ಯಾರು ಹೇಳು ತಮ್ಮ?"

ಅವನು ಬಹಳ ಹೊತ್ತು ನೋಡಿದ. ಸಿಡುಕಿಯ ಉಗುರು ಅವಳ ಅಂಗೈಗೇ ಇಳಿದಿತ್ತು. "ಅಕ್ಕ," ಎಂದ. "ನನ್ನ ಬುಗುರಿ ನೀನೇ ಬಚ್ಚಿಟ್ಟಿದೀಯಾ."

ಅತ್ತಿಗೆ ನಕ್ಕಳು, ಕಣ್ಣೊರೆಸಿಕೊಂಡಳು. ಸಿಡುಕಿಗೆ ಗೆದ್ದೆ ಎನಿಸಿತು. ಅಡುಗೆಮನೆಗೆ ಹೋಗಿ ಬ್ರೆಡ್ಡು, ಹಾಲು ತಂದು ಅತ್ತಿಗೆಯ ಕಣ್ಣೆದುರಿಗೇ ಅವನಿಗೆ ಕೊಟ್ಟಳು. ಅವನು ಎರಡು ತುಂಡು ತಿಂದ. ಮೂರನೆಯದನ್ನು ಬಾಯಿಗೆ ಒಯ್ಯುವಾಗ ಕೈ ನಿಂತಿತು. ಮುಖ ಬೂದಿಯಂತಾಯಿತು. ಮುಂದಕ್ಕೆ ಬಾಗಿ ಅಂಗಿಯ ಮೇಲೆ, ಹೊಸ ಪ್ಯಾಂಟುಗಳ ಮೇಲೆ ವಾಂತಿ ಮಾಡಿದ. ಹಾಲು ಬಿಳಿಯಾಗಿರಲಿಲ್ಲ. ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ. ಮತ್ತೆ ಮಾಡಿದ, ಮತ್ತೆ. ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಡಾಕ್ಟರಮ್ಮ ಅವನ ಹೊಟ್ಟೆ ಅದುಮುತ್ತಾ ಕೇಳಿದಳು, "ಏನು ತಿಂದ್ರು? ಬೇಗ ಹೇಳಿ."

"ಬ್ರೆಡ್ಡು, ಹಾಲು," ಎಂದಳು ಅತ್ತಿಗೆ. "ನಾನೇ ಕಣ್ಣಾರೆ ನೋಡಿದೆ. ಹಾಲು ಕೆಟ್ಟಿತ್ತೇನೋ."

"ಬೇರೇನೂ ಇಲ್ವಾ? ವಾಂತಿ ಬಣ್ಣ ಸರಿಯಿಲ್ಲ. ಕಿಡ್ನಿಗೂ ಪೆಟ್ಟು ಬೀಳೋ ಹಾಗಿದೆ. ಏನು ಅಂತ ಗೊತ್ತಾಗದೆ ನಾನು ಏನು ಕೊಡಲಿ?"

ಅತ್ತಿಗೆ ತಾನಾಗಿಯೇ ಒಂದು ಗೋಡೆ ಕಟ್ಟಿಕೊಟ್ಟಿದ್ದಳು. ಅದರ ಹಿಂದೆ ನಿಂತುಬಿಟ್ಟರೆ ಸಾಕು. ಹಾಲು ಕೆಟ್ಟಿತ್ತು, ಅಷ್ಟೇ. ಡಾಕ್ಟರುಗಳು ಹೇಗೋ ಕಂಡುಹಿಡಿಯುತ್ತಾರೆ, ಅದಕ್ಕೇ ಅಲ್ಲವೇ ಅವರು ಓದಿರುವುದು? ಹೇಳಿದರೆ ಇನ್ನೆಂದೂ ಅವನನ್ನು ತನ್ನ ಮನೆಗೆ ಕಳಿಸುವುದಿಲ್ಲ. ಸಿಡುಕಿ ಗಂಡನ ಕಾಲು ನೋಡಿದಳು. ಹೆಬ್ಬೆರಳು ಸೆಳೆದುಕೊಂಡು ನಡುಗುತ್ತಿತ್ತು.

"ಬ್ರೆಡ್ಡಲ್ಲ," ಎಂದಳು. "ನಾನು ಕೊಟ್ಟಿದ್ದು. ದೋಣಿ ತಳದ ಜಡೆಪಾಚಿ. ಕುದಿಸಿ ಕೊಟ್ಟೆ. ಇವತ್ತು ದೊಡ್ಡ ಲೋಟ. ಬಣ್ಣ ಬಳಿದ ದೋಣಿ ಮೇಲಿಂದ ತಂದಿದ್ದು. ಕೆಂಪು ಬಣ್ಣ, ತಾಮ್ರದ್ದು. ನಾನು ಬಣ್ಣ ತಾಗಿಸಿಲ್ಲ ಡಾಕ್ಟ್ರೇ, ಕತ್ತರಿಯಲ್ಲಿ ಕತ್ತರಿಸಿದೆ, ಏಳು ನೀರಲ್ಲಿ ತೊಳೆದೆ..."

ಡಾಕ್ಟರಮ್ಮ ಪೂರ್ತಿ ಕೇಳಲಿಲ್ಲ. ತಾಮ್ರ ಎಂಬ ಮಾತು ಸಿಕ್ಕಿದ ಕೂಡಲೇ ನರ್ಸಿಗೆ ಏನೋ ಹೇಳುತ್ತಾ ಪರದೆ ಎಳೆದಳು. ಪರದೆಯ ಈಚೆ ಇಬ್ಬರೇ ಉಳಿದರು. ಅತ್ತಿಗೆ ಹೊಡೆಯುತ್ತಾಳೆಂದು ಸಿಡುಕಿ ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು. ಅತ್ತಿಗೆ ಬೆಂಚಿನ ಮೇಲೆ ಕೂತಳು, ಅಷ್ಟೇ, ಒಂದು ಮಾರು ದೂರ ಸರಿದು.

ಸುದ್ದಿ ತಿಳಿದು ಲ್ಯಾಬಿನ ಮೇಡಂ ಓಡಿ ಬಂದಳು. ಅವಳ ಕಣ್ಣು ಕೆಂಪಗಿತ್ತು. "ಏನೂ ಮಾಡಬೇಡಿ ಅಂತ ಹೇಳಿದ್ನಲ್ಲಮ್ಮ."

"ಹೇಳಿದ್ರಿ. ನನಗೆ ಬೇಕಾದಷ್ಟನ್ನೇ ಕೇಳಿಸ್ಕೊಂಡೆ," ಎಂದಳು ಸಿಡುಕಿ. "ಒಂದೇ ಒಂದು ಹೇಳಿ. ವಿಷ ಗೆದ್ದು ಬೆಳೆದಿದ್ದರಲ್ಲಿ ವಿಷ ಹೇಗೆ ಬಂತು?"

ಮೇಡಂ ಅವಳ ಪಕ್ಕ ಕೂತಳು. "ಗೆದ್ದಿದ್ದು ನಿಜಾನೇ. ಆದ್ರೆ ಹೊರಗೆ ತಳ್ಳಿ ಗೆದ್ದಿದ್ದಲ್ಲ. ಒಳಗೆ ಕಟ್ಟಿಟ್ಟುಕೊಂಡು ಬದುಕಿದ್ದು. ಮೈಯೆಲ್ಲ ತಾಮ್ರ."

ಸಿಡುಕಿ ತಲೆಯಾಡಿಸಿದಳು. ಹಾಗೆ ಬದುಕುವವರು ಅವಳಿಗೂ ಗೊತ್ತಿದ್ದರು.

ಮೇಸ್ತ್ರಿ ಉಳಿದ. ಸರಿಯಾದ ಹೊತ್ತಿಗೆ ಹೇಳಿದ್ದಕ್ಕೆ ಉಳಿದರು ಎಂದಳು ಡಾಕ್ಟರಮ್ಮ. ಆದರೆ ಮೈ ಗುಣವಾದಷ್ಟು ಮನಸ್ಸು ಆಗಲಿಲ್ಲ. ಇದ್ದ ನಾಲ್ಕು ಮಾತೂ ಹೋದವು. ಯಾರನ್ನೂ ನೀವ್ಯಾರು ಎಂದು ಕೇಳುತ್ತಿರಲಿಲ್ಲ. ಸೂರಿನ ಕಡೆ ನೋಡುತ್ತಾ ಮಲಗಿರುತ್ತಿದ್ದ. ಮೂಗಿಗೆ ಹಾಕಿದ್ದ ಊಟದ ಕೊಳವೆ ತೆಗೆದು ಬಾಯಲ್ಲಿ ತಿನ್ನಿಸಿ ನೋಡಿ, ತಿಂದರೆ ಮನೆಗೆ ಕರೆದೊಯ್ಯಬಹುದು ಎಂದಳು ಡಾಕ್ಟರಮ್ಮ. ಯಾವ ಮನೆ ಎಂದು ಅವಳು ಹೇಳಲಿಲ್ಲ.

ಅತ್ತಿಗೆ ಹೇಳಿದಳು. ವಾರ್ಡಿನ ಹೊರಗೆ, ಕೈತೊಳೆಯುವ ತೊಟ್ಟಿಯ ಹತ್ತಿರ. ದನಿ ಏರಿಸದೆ.

"ನೀನು ಬೇಕಂತ ಮಾಡಿಲ್ಲ. ನನಗೆ ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಇನ್ನೇನು ಕುಡಿಸ್ತಿದ್ನೋ. ನೀನೂ ಬಾ ಅಂತ ಕರೀಬೇಕು, ಅದು ಧರ್ಮ. ಆದ್ರೆ ಬಾಯಿ ಬರ್ತಿಲ್ಲ ಕಣೇ. ನೀನು ಅವನ ತಟ್ಟೆ ಮುಟ್ಟಿದಾಗೆಲ್ಲ ನನ್ನ ಹೊಟ್ಟೇಲಿ ಬೆಂಕಿ ಬೀಳುತ್ತೆ. ಅವನ ಊಟಕ್ಕೆ ಇನ್ನು ನಿನ್ನ ಕೈ ಬೇಡ."

ಸಿಡುಕಿ ಹೂಂ ಎಂದಳು. ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ತಿರುಗಿಸಿ ನಿಲ್ಲಿಸಿದಳು.

ಗಂಜಿಯ ಬಟ್ಟಲು ಬಂತು. ಅತ್ತಿಗೆ ಮಂಚದ ಮುಂದೆ ಸ್ಟೂಲು ಎಳೆದುಕೊಂಡು, ತಮ್ಮನ ಎದುರಿಗೆ ಕೂತು, ಚಮಚ ಬಾಯಿಯ ಹತ್ತಿರ ಒಯ್ದಳು. "ಆ ಅನ್ನು ತಮ್ಮ. ಆ..." ಅವನು ಹಲ್ಲು ಕಚ್ಚಿದ. ಮುಖ ತಿರುಗಿಸಿದ. ಇನ್ನೊಮ್ಮೆ ಒಯ್ದಾಗ ಕೈ ಬೀಸಿದ. ಗಂಜಿ ಅತ್ತಿಗೆಯ ಕನ್ನಡಕದ ಮೇಲೆ ಬಿತ್ತು. ಅತ್ತಿಗೆ ಒರೆಸಿಕೊಂಡು ಮತ್ತೆ ಯತ್ನಿಸಿದಳು, ಬೇಡಿಕೊಂಡಳು, ಬೈದಳು. ತುಟಿ ಬಿಚ್ಚಲಿಲ್ಲ.

ಸಿಡುಕಿ ಮಂಚದ ಕಾಲದೆಸೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದಳು. ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಅವಳ ಎದೆಯಲ್ಲಿ ಒಂದು ಕೆಟ್ಟ ಸಂತೋಷ ಏಳುತ್ತಿತ್ತು. ತಿನ್ನಬೇಡಿ. ಅವರ ಕೈಯಲ್ಲಿ ತಿನ್ನಬೇಡಿ. ಯಾರ ಕೈ ಅಂತ ನಿಮ್ಮ ಬಾಯಿಗಾದರೂ ನೆನಪಿದೆಯಲ್ಲ! ಇವತ್ತೂ ನಾಳೆಯೂ ಹೀಗೇ ಹಲ್ಲು ಕಚ್ಚಿಕೊಂಡಿದ್ದರೆ ಅತ್ತಿಗೆ ಸೋಲುತ್ತಾಳೆ. ಬಾಯಿಬಿಟ್ಟು ಕರೆಯುತ್ತಾಳೆ.

ಅತ್ತಿಗೆ ಮತ್ತೆ ಚಮಚ ತುಂಬಿದಳು. ಮೇಸ್ತ್ರಿಯ ಕೆನ್ನೆಯ ಮೂಳೆ ಹಲಗೆಯ ಅಂಚಿನಂತೆ ಎದ್ದು ಕಾಣುತ್ತಿತ್ತು. ಎಷ್ಟು ಇಳಿದುಹೋಗಿದ್ದಾನೆ ಎಂದು ಸಿಡುಕಿ ನೋಡಿದಳು. ಸೆರಗಿನಿಂದ ಕೈ ಬಿಡಿಸಿಕೊಂಡಳು. ಆಮೇಲೆ ಗೋಡೆ ಬಿಟ್ಟು ಮುಂದೆ ಬಂದಳು.

"ಎದುರಿಗೆ ಕೂರಬೇಡಿ ಅತ್ತಿಗೆ. ಯಾರೋ ಹೊಡಿಯೋಕೆ ಬಂದ್ರು ಅಂದ್ಕೋತಾರೆ. ಈ ಕಡೆ ಬನ್ನಿ, ಪಕ್ಕಕ್ಕೆ. ಅವರು ನೋಡೋ ಕಡೆಗೇ ನೀವೂ ನೋಡಿ."

ಅತ್ತಿಗೆ ಎದ್ದು ಪಕ್ಕಕ್ಕೆ ಬಂದು ಕೂತಳು.

"ಚಮಚ ಅವರ ಕೈಗೇ ಕೊಡಿ. ಕೆಳಗಿಂದ ನಿಮ್ಮ ಕೈ ಆನಿಸಿ. ಗಟ್ಟಿಯಾಗಿ ಹಿಡೀಬೇಡಿ, ಸುತ್ತಿಗೆ ಹಿಡಿದವರ ಕೈ, ಎಳೆದರೆ ಸಿಟ್ಟು ಬರುತ್ತೆ. ಹಾಂ, ಹಾಗೆ. ಈಗ ಮಾತಾಡಬೇಡಿ. ಅವರೇ ಎತ್ತಲಿ."

ಮೇಸ್ತ್ರಿ ಕೈಯಲ್ಲಿದ್ದ ಚಮಚವನ್ನು ನೋಡಿದ. ಬೆರಳುಗಳು ಒಂದೊಂದಾಗಿ ಅದರ ಹಿಡಿಯ ಸುತ್ತ ಕೂತವು. ಕೆಳಗೆ ಅಕ್ಕನ ಕೈ, ಮೇಲೆ ಅವನ ಕೈ, ಎರಡೂ ಕೂಡಿ ಮೆಲ್ಲಗೆ ಎದ್ದವು. ಬಾಯಿ ತೆರೆಯಿತು. ಗಂಜಿ ಇಳಿಯಿತು. ಮತ್ತೆ ಬಾಯಿ ತೆರೆಯಿತು, ತಡವಿಲ್ಲದೆ, ಹಸಿದವರ ಬಾಯಿ ತೆರೆಯುವ ಹಾಗೆ. ಯಾರ ಕೈ ಎಂದು ಅವನು ನೋಡಲೂ ಇಲ್ಲ.

ಅತ್ತಿಗೆ ಅಳುತ್ತಾ ತಿನ್ನಿಸುತ್ತಿದ್ದಳು. ಖುಷಿಯಲ್ಲಿ ಚಮಚ ತುಂಬಿ ತುಂಬಿ ಎತ್ತತೊಡಗಿದಳು.

"ಅಷ್ಟು ಬೇಡ ಅತ್ತಿಗೆ," ಎಂದಳು ಸಿಡುಕಿ. "ನೆತ್ತಿಗೆ ಹತ್ತುತ್ತೆ. ತುತ್ತು ಸಣ್ಣದಿರಲಿ."